ಕಾಡಿನೊಳಗೆ ಕೊಡೆಗಳ ಸಂತೆ!

ಕುದುರೆಮುಖದ ತಪ್ಪಲು. ಜುಲೈ ಮಳೆ ಈಗಷ್ಟೇ ಹೊಳವಾಗಿದೆ. ಇಂಬಳ ಹತ್ತಿದರೆ ಹತ್ತಲಿ, ಬನ್ನಿ, ಇಲ್ಲಿ ಮಂಡಿಯೂರಿ!

ಬಿದ್ದ ಮರ ಒಂದೇ. ಅದರ ಮೇಲೆ ಎಷ್ಟು ಬಗೆಯ ಅಣಬೆ ನೋಡಿ! ಕಿವಿಯಂತೆ ಜೋತಿದ್ದು, ಹವಳದಂತೆ ಕವಲೊಡೆದಿದ್ದು. ಇದೇನಿದು, ಕಡಲೆಕಾಳಿನಷ್ಟು ಬಟ್ಟಲಲ್ಲಿ ಪುಟಾಣಿ ಮೊಟ್ಟೆಗಳು! ಹಕ್ಕಿಗೂಡಿನ ಅಣಬೆ ಇದು. ಮೊಟ್ಟೆಯೊಳಗೆ ತುಂಬಿರುವುದೆಲ್ಲ ಬೀಜಕಣ. ಬಟ್ಟಲಿಗೊಂದು ಮಳೆಹನಿ ಬಿತ್ತೋ, ಟಪ್! ಮೊಟ್ಟೆ ಒಂದು ಮೀಟರ್ ದೂರಕ್ಕೂ ಚಿಮ್ಮೀತು!

ಪಕ್ಕದ ಬುಡದಲ್ಲಿ ಮರದಷ್ಟೇ ಗಟ್ಟಿ ಗ್ಯಾನೊಡರ್ಮ. ಈ ಕುಲದ ದೊಡ್ಡ ಅಣಬೆಯೊಂದು ದಿನಕ್ಕೆ ಎಷ್ಟು ಬೀಜಕಣ ಉದುರಿಸೀತು? ಊಹಿಸಿ. ಸಾವಿರ? ಲಕ್ಷ?

3,000 ಕೋಟಿ! ಒಂದೇ ದಿನಕ್ಕೆ!

ಬೀಜಕಣದ ಬಣ್ಣ ಅಣಬೆ ಗುರುತಿಸುವವರಿಗೆ ದೊಡ್ಡ ಸುಳಿವು. ಕೊಡೆಯನ್ನು ಕೊಯ್ದು ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಲೋಟ ಮುಚ್ಚಿಡುತ್ತಾರೆ. ಬೆಳಗ್ಗೆ ಲೋಟ ಎತ್ತಿದರೆ ರಂಗೋಲಿ! ಎಳೆ ಎಳೆಯಾಗಿ ಬಿಳಿ, ಗುಲಾಬಿ, ತುಕ್ಕುಗೆಂಪು, ಕಪ್ಪು. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಹುತ್ತದ ಮೇಲೆದ್ದ ಆ ಬಿಳಿ ಅಣಬೆಯನ್ನು ಬೆಳೆದವರು ಯಾರು ಗೊತ್ತೇ? ಗೆದ್ದಲು! ಅಗಿದ ಎಲೆ ಕಡ್ಡಿಗಳಿಂದ ನೆಲದೊಳಗೆ ಮಡಿ ಕಟ್ಟಿ ಬೇಸಾಯ ಮಾಡುತ್ತವೆ. ಸುಮಾರು 3 ಕೋಟಿ ವರ್ಷಗಳಿಂದ!

ರಾತ್ರಿ ಟಾರ್ಚ್ ಆರಿಸಿ, ಕಣ್ಣು ಕತ್ತಲೆಗೆ ಒಗ್ಗಲಿ. ಅದೃಷ್ಟವಿದ್ದರೆ ಕೊಳೆತ ಕೊಂಬೆಯೇ ಒಳಗಿನ ಶಿಲೀಂಧ್ರದಿಂದ ಹಸಿರಾಗಿ ಬೆಳಗುತ್ತದೆ!

ಜಗತ್ತಿನಲ್ಲಿ 22 ರಿಂದ 38 ಲಕ್ಷ ಬಗೆಯ ಶಿಲೀಂಧ್ರಗಳಿರಬಹುದು ಎಂಬುದು ವಿಜ್ಞಾನಿಗಳ ಅಂದಾಜು. ಹೆಸರಿಟ್ಟಿದ್ದು? ಹೆಚ್ಚುಕಡಿಮೆ ಒಂದೂವರೆ ಲಕ್ಷ ಮಾತ್ರ!

ಈಗ ಕೊನೆಯ ಒಗಟು. ಅಣಬೆ ಮಣ್ಣಲ್ಲಿ ಏಳುತ್ತದೆ, ಮರದ ಮೇಲೆ ಏಳುತ್ತದೆ, ಸಗಣಿಯಲ್ಲೂ ಏಳುತ್ತದೆ. ಇನ್ನೆಲ್ಲಿ?

ಜೀವಂತ ಕಪ್ಪೆಯ ಮೇಲೆ!

2023ರ ಜೂನ್. ಕಾರ್ಕಳದ ಬಳಿಯ ಮಾಳ. ರಸ್ತೆಬದಿಯ ಹೊಂಡದಲ್ಲಿ ಹತ್ತಾರು ಹೊಂಬೆನ್ನಿನ ಕಪ್ಪೆಗಳು. ಅವುಗಳಲ್ಲೊಂದರ ಪಕ್ಕೆಯಿಂದ ನೆಟ್ಟಗೆ ಎದ್ದಿತ್ತು, ಬೆಂಕಿಕಡ್ಡಿಗಿಂತ ಚಿಕ್ಕದೊಂದು ಕೊಡೆ! ತಜ್ಞರು ಚಿತ್ರ ನೋಡಿ ಹೇಳಿದರು: ಮೈಸೀನಾ. ಕೊಳೆತ ಮರದಲ್ಲಿ ಬೆಳೆಯಬೇಕಾದದ್ದು! ಬದುಕಿರುವ ಕಪ್ಪೆಯ ಮೇಲೆ ಹೀಗೆ ಅಣಬೆ ಮೂಡಿದ್ದನ್ನು ಅದಕ್ಕೂ ಮೊದಲು ಯಾರೂ ದಾಖಲಿಸಿರಲಿಲ್ಲ. ಕಪ್ಪೆಯೋ, ಆರಾಮಾಗಿ ಕೂತಿತ್ತು. ನೋಡಿದವರು ಅದನ್ನು ಹಿಡಿಯಲಿಲ್ಲ. ಹಾಗಾಗಿ ಆ ಅಣಬೆ ಅಲ್ಲಿ ಹೇಗೆ ಬೇರೂರಿತೆಂಬುದು ಇಂದಿಗೂ ಒಗಟು.

ಈ ಮಳೆಗಾಲ ರಸ್ತೆಬದಿಯ ಹೊಂಡ ಕಂಡರೆ ದಾಟಿ ಹೋಗಬೇಡಿ. ಬಗ್ಗಿ ನೋಡಿ!