ಹೀರೋ ಹಲ್ಲು ಬೇಕೆಂದು ನಾಲ್ಕು ಊರು ಸುತ್ತಿದೆ!

ಮೊದಲೇ ಒಂದು ಗುಟ್ಟು ಹೇಳಿಬಿಡ್ತೀನಿ. ಸಿನಿಮಾ ಪತ್ರಿಕೆಗಳಿಗೆ ಬರೆಯೋಕೆ ಶುರು ಮಾಡಿ ಐದು ವರ್ಷವಾಯಿತು. ಎಷ್ಟೋ ತಾರೆಯರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಅಷ್ಟೂ ಫೋಟೋಗಳಲ್ಲಿ ತಾರೆಯರು ನಗುತ್ತಿದ್ದಾರೆ. ನಾನೊಬ್ಬ ಮಾತ್ರ ತಿಥಿ ಊಟಕ್ಕೆ ಬಂದವನಂತೆ ತುಟಿ ಬಿಗಿಹಿಡಿದು ನಿಂತಿದ್ದೇನೆ!

ಕಾರಣ? ಹಲ್ಲು ಸ್ವಾಮಿ, ಹಲ್ಲು!

ನಾನು ಬೆಳೆದದ್ದು ಅರಸೀಕೆರೆ ಕಡೆಯ ಅಜ್ಜಿ ಊರಿನಲ್ಲಿ. ಕುಡಿದದ್ದು ಕೊಳವೆ ಬಾವಿ ನೀರು. ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಮಿತಿ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೇ ಕಲೆ ಹತ್ತುತ್ತದೆ. ಆಮೇಲೆ ಇದ್ದಿಲು, ಉಪ್ಪು, ಪೇಸ್ಟು ಏನು ಹಾಕಿ ತಿಕ್ಕಿದರೂ ಹೋಗೋದಿಲ್ಲ. ಅದರ ಮೇಲೆ ಪಿಯುಸಿ ಬಿಟ್ಟ ವರ್ಷದಿಂದ ಬಾಯಿಗೆ ಬಿದ್ದ ಪಾನ್ ಮಸಾಲೆ ಬೇರೆ. ಕೇಳಬೇಕೇ?

ಹೋದ ವರ್ಷ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ಎರಡು ದಿನದ ಮೇಲೆ ಸುದ್ದಿ ಬಂತು: “ಹುಡುಗ ಸಿಡುಕ ಅಂತ ಕಾಣ್ತದೆ. ಒಂದು ಸಲಾನೂ ನಗಲಿಲ್ಲವಂತೆ!” ಜೋಕು ಹೇಳಿ ಹೊಟ್ಟೆ ತುಂಬಿಸಿಕೊಳ್ಳುವ ನನಗೆ ಸಿಡುಕ ಅನ್ನೋ ಬಿರುದು! ಆವತ್ತು ರಾತ್ರಿ ಅವ್ವ ಕತ್ತಿನ ಎರಡೆಳೆ ಸರ ಬಿಚ್ಚಿ ನನ್ನ ಮುಂದಿಟ್ಟಳು. “ಅಡ ಇಟ್ಟು ಹಲ್ಲು ಸರಿ ಮಾಡಿಸ್ಕೋ ಮಗ” ಅಂದಳು.

ಸರ ಜೇಬಿನಲ್ಲಿಟ್ಟುಕೊಂಡು ಹೊರಟೆ, ಹೀರೋ ಹಲ್ಲು ಹುಡುಕಿಕೊಂಡು.

ಹಾಲಿವುಡ್ಡಿನ ಮಾಯಾ ಹಲ್ಲು

ವೆನೀರ್ ಅಂದರೇನು ಅಂತೀರಾ? ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಚಿಪ್ಪು. ಮುಂದಿನ ಹಲ್ಲಿನ ಹೊರಮೈಗೆ ಅಂಟಿಸುತ್ತಾರೆ. ದಪ್ಪ ಹೆಚ್ಚಾಗಿ ಅರ್ಧ ಮಿಲಿಮೀಟರ್ ಆಸುಪಾಸು. ರಾಳದಂಥ ಕಾಂಪೋಸಿಟ್ ವಸ್ತುವಿನಲ್ಲಿ ಹಲ್ಲಿನ ಮೇಲೇ ತಿದ್ದಿ ಮಾಡುವುದೂ ಉಂಟು. ಅದಕ್ಕೆ ಖರ್ಚು ಕಡಿಮೆ, ಬಾಳಿಕೆಯೂ ಕಡಿಮೆ.

ಇದು ಹುಟ್ಟಿದ್ದೇ ಸಿನಿಮಾದವರಿಗಾಗಿ ಅಂದರೆ ನಂಬ್ತೀರಾ? 1920ರ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಹಾಲಿವುಡ್ ನಟರಿಗೆ ಇಂಥ ಚಿಪ್ಪು ಮಾಡಿಕೊಡಲು ಶುರು ಮಾಡಿದರು. ಕ್ಯಾಮೆರಾ ಮುಂದೆ ಹೋಗುವ ಮೊದಲು ಪುಡಿ ಹಚ್ಚಿ ಅಂಟಿಸಿಕೊಳ್ಳೋದು, ಶೂಟಿಂಗ್ ಮುಗಿದ ಮೇಲೆ ಕಿತ್ತು ಡಬ್ಬಿಗೆ ಹಾಕೋದು! ಬಾಲತಾರೆ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಉದುರಿದಾಗ ಪರದೆಯ ಮೇಲೆ ಅದು ಕಾಣದಂತೆ ಮುಚ್ಚಿದ್ದೂ ಇಂಥ ಚಿಪ್ಪುಗಳೇ. ಅಂದರೆ ವಿಗ್ಗು, ಮೀಸೆಯ ಹಾಗೆ ಅದೂ ಒಂದು ಮೇಕಪ್ಪು.

ಗಟ್ಟಿಯಾಗಿ ಅಂಟುವ ಕಾಲ ಆಮೇಲೆ ಬಂತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬುವರು ಆಮ್ಲ ಹಚ್ಚಿ ಹಲ್ಲಿನ ಮೇಲ್ಮೈ ತರಿತರಿ ಮಾಡಿದರೆ ರಾಳ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯನ್ನೂ ಹಾಗೇ ಆಮ್ಲದಿಂದ ತರಿ ಮಾಡಿ ಅಂಟಿಸುವ ವಿಧಾನ ಬಂತು. ಅಲ್ಲಿಂದ ಮೇಕಪ್ಪು ಹೋಗಿ ಚಿಕಿತ್ಸೆಯಾಯಿತು. ವ್ಯತ್ಯಾಸ ಇಷ್ಟೆ: ಈಗ ಸಂಜೆ ಕಿತ್ತಿಡುವ ಹಾಗಿಲ್ಲ. ಚಿಪ್ಪಿಗೆ ಜಾಗ ಮಾಡಲು ಸಾಮಾನ್ಯವಾಗಿ ಹಲ್ಲಿನ ಎನಾಮೆಲ್ ತುಸು ತೇಯಬೇಕು. ಉಗುರು ಬೆಳೆಯುತ್ತೆ, ಕೂದಲು ಬೆಳೆಯುತ್ತೆ, ತೇಯ್ದ ಎನಾಮೆಲ್ ಮತ್ತೆ ಬೆಳೆಯೋದಿಲ್ಲ!

ಹಾಸನ: “ಎಂಟು ಹಲ್ಲು, ಇವತ್ತೇ ಅಡ್ವಾನ್ಸು!”

ಮೊದಲು ಹೊಕ್ಕಿದ್ದು ಹಾಸನದ ಒಂದು ಕ್ಲಿನಿಕ್ಕು. ಗಾಜಿನ ಬಾಗಿಲು, ಎಸಿ, ಗೋಡೆ ತುಂಬ ನಗುವ ಚೆಲುವೆಯರು. ಡಾಕ್ಟರು ಸಿಗುವ ಮೊದಲೇ ಟೈ ಕಟ್ಟಿದ ಹುಡುಗನೊಬ್ಬ ನನ್ನ ಮೊಬೈಲಿನಲ್ಲಿದ್ದ ಫೋಟೋ ನೋಡಿಯೇ ಲೆಕ್ಕ ಹಾಕಿದ. “ಎಂಟು ಹಲ್ಲಿನ ಪ್ಯಾಕೇಜ್ ಸಾರ್, 72 ಸಾವಿರ. ಇವತ್ತೇ ಅಡ್ವಾನ್ಸ್ ಕೊಟ್ರೆ 60ಕ್ಕೆ ಮುಗಿಸಿಕೊಡ್ತೀವಿ.”

ನನ್ನ ಬಾಯೊಳಗೆ ಯಾರೂ ಇಣುಕಿ ನೋಡಿರಲಿಲ್ಲ. ಒಸಡು ಮುಟ್ಟಿರಲಿಲ್ಲ. ಆದರೂ ನನಗೆ ಆವತ್ತು ಅದ್ಯಾವುದೂ ತಲೆಗೆ ಬರಲಿಲ್ಲ. ಗೋಡೆಯ ಮೇಲಿನ ಹಲ್ಲಿಗೇ ಮರುಳಾಗಿ ಜೇಬಿನ ಸರ ಸವರಿಕೊಂಡೆ. ಗಿರವಿ ಅಂಗಡಿ ಬಾಗಿಲು ಹಾಕಿತ್ತು, ನಾನು ಬಚಾವಾದೆ!

ಹೊಳೆನರಸೀಪುರ: ಗೆಳೆಯನ ಕಣ್ಣೀರು

ಮಾರನೇ ದಿನ ಹೊಳೆನರಸೀಪುರದ ಬಸ್ ಹತ್ತಿದೆ. ಅಲ್ಲಿ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬನಿದ್ದಾನೆ. ಮದುವೆಗೆ ಮೊದಲು ದೂರದ ಊರಿನಲ್ಲಿ “ವೆನೀರ್” ಹಾಕಿಸಿಕೊಂಡು ಬಂದು ಫ್ಲೆಕ್ಸ್‌ನಲ್ಲಿ ಮಿಂಚಿದ್ದವನು. ಅವನ ಸಲಹೆ ಕೇಳೋಣ ಅಂತ ಹೋದರೆ, ಆಸಾಮಿ ಬಿಸಿ ಕಾಫಿಯನ್ನು ಆರಿಸಿಕೊಂಡು ಒಂದು ಪಕ್ಕದಲ್ಲೇ ಹೀರುತ್ತಿದ್ದಾನೆ!

“ಲೋ, ಅವು ವೆನೀರ್ ಅಲ್ಲ ಕಣ್ಲಾ. ಕ್ಯಾಪು. ನನಗೆ ಗೊತ್ತಾಗಿದ್ದೇ ಒಂದು ಕಳಚಿ ಕೈಗೆ ಬಂದಾಗ. ಒಳಗೆ ನೋಡ್ತೀನಿ, ನನ್ನ ಹಲ್ಲು ಚೂಪು ಗೂಟ ಆಗಿತ್ತು...”

ಅವನ ದನಿ ಅಲ್ಲಿಗೇ ನಿಂತಿತು. ಕ್ಯಾಪು ಕೆಟ್ಟದ್ದಲ್ಲ ಮಿತ್ರರೇ. ಮುರಿದ, ರೂಟ್ ಕೆನಾಲ್ ಆದ ಹಲ್ಲಿಗೆ ಅದೇ ಬೇಕಾಗಬಹುದು. ಆದರೆ ಕ್ಯಾಪಿಗೆ ಹಲ್ಲನ್ನು ಸುತ್ತಲೂ ತೇಯಬೇಕು. ವೆನೀರಿಗೆ ಮುಖ್ಯವಾಗಿ ಮುಂದಿನ ಮೈ ಮಾತ್ರ. ಗಟ್ಟಿಮುಟ್ಟಾದ ಹಲ್ಲನ್ನು ಬರೀ ಬಣ್ಣಕ್ಕಾಗಿ ಗೂಟ ಮಾಡಿದ್ದರು. ಈಗ ಅವನಿಗೆ ಎರಡು ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಒಸಡು ಊದಿದೆ. ವಯಸ್ಸು ಇಪ್ಪತ್ತೆಂಟು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ. ನನ್ನ ಗೆಳೆಯನಿಗೆ ಎರಡೂ ಇತ್ತು, ಕಚ್ಚುವ ಧೈರ್ಯ ಹೋಗಿತ್ತು.

ವಾಪಸು ಬರುವಾಗ ಕಿಟಕಿ ಪಕ್ಕ ಕೂತು ನಾಲಿಗೆಯಿಂದ ನನ್ನ ಕಂದು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡೆ. ಬಣ್ಣ ಏನೇ ಇರಲಿ, ಗಟ್ಟಿಯಾಗಿದ್ದವು.

ಅರಕಲಗೂಡು: “ಮೊದಲು ಒಸಡು, ಆಮೇಲೆ ಬಣ್ಣ”

ಅರಕಲಗೂಡಿನಲ್ಲಿ ನಮ್ಮ ಸೋದರಮಾವ ಇದ್ದಾರೆ. ಅವರಿಗೆ ಹಲ್ಲು ಸೆಟ್ ಮಾಡಿಕೊಟ್ಟ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದರು. ಹಳೇ ಕುರ್ಚಿ, ಸಣ್ಣ ಕೋಣೆ. ಆದರೆ ಉಪಕರಣಗಳು ಯಂತ್ರದಲ್ಲಿ ಶುದ್ಧವಾಗಿ ಸೀಲಾದ ಪೊಟ್ಟಣದಲ್ಲಿದ್ದವು, ನನ್ನೆದುರೇ ಬಿಚ್ಚಿದರು. ಹತ್ತು ನಿಮಿಷ ಬಾಯಿ ನೋಡಿದರು. ಸಣ್ಣ ಕಡ್ಡಿಯಿಂದ ಒಸಡು ಮೀಟಿದರೆ ರಕ್ತ! ಎಕ್ಸ್‌ರೇ ತೆಗೆದರು.

“ಏನಪ್ಪಾ, ಮಸಾಲೆ ಎಷ್ಟು ಪ್ಯಾಕೆಟ್ಟು ದಿನಕ್ಕೆ?”

“ಎರಡೋ ಮೂರೋ ಸಾರ್...”

“ಸುಳ್ಳು ಹೇಳಬೇಡ. ನಿನ್ನ ಕೆನ್ನೆ ಒಳಗೆ ಬರೆದದೆ. ರಾತ್ರಿ ಹಲ್ಲು ಕಡೀತೀಯಾ?”

“ಅವ್ವ ಹಾಗಂತಾಳೆ ಸಾರ್.”

“ನೋಡು, ಒಸಡಲ್ಲಿ ರಕ್ತ ಬರ್ತಾ ಇರೋವಾಗ ಚಿಪ್ಪು ಅಂಟಿಸೋದು ಒದ್ದೆ ಗೋಡೆಗೆ ಸುಣ್ಣ ಬಳಿದ ಹಾಗೆ. ಮೊದಲು ಕ್ಲೀನಿಂಗ್ ಮಾಡಿಸು. ಮಸಾಲೆ ಬಿಡು. ಹಿಂದೆ ಒಂದು ಹುಳುಕು ಹಲ್ಲಿದೆ, ತುಂಬಿಸ್ಕೋ. ಆಮೇಲೆ ಬಣ್ಣದ ಮಾತು. ಎಂಟು ಹಲ್ಲು ಯಾಕೆ? ಎಷ್ಟೋ ಕಲೆ ಚಿಪ್ಪಿಲ್ಲದೆ ತಿಳಿಯಾಗ್ತದೆ.”

“ನೀವೇ ಮಾಡಿಕೊಡಿ ಸಾರ್” ಅಂದೆ.

“ಇಲ್ಲಪ್ಪ. ನನ್ನ ಕೈ ಪಳಗಿದ್ದು ಹಲ್ಲು ಕೀಳೋದು, ಸೆಟ್ಟು ಕೂರಿಸೋದರಲ್ಲಿ. ಇದನ್ನ ದಿನಾ ಮಾಡೋರ ಹತ್ತಿರ ಹೋಗು.”

ಬಂದ ಗಿರಾಕಿಯನ್ನು ಬೇರೆಯವರ ಹತ್ತಿರ ಕಳಿಸುವ ಡಾಕ್ಟರು! ಆ ಕ್ಷಣ ನನಗೆ ಹೊಳೆಯಿತು. ಎಸಿ ರೂಮಿನ ಹುಡುಗ ಎಲ್ಲದಕ್ಕೂ “ಆಗುತ್ತೆ” ಅಂದಿದ್ದ. ಇವರು ಮೂರು ಸಲ “ಬೇಡ” ಅಂದರು. ನಂಬಿಕೆ ಹುಟ್ಟಿದ್ದು ಆ “ಬೇಡ”ದಿಂದ.

ಚನ್ನರಾಯಪಟ್ಟಣ: ಹಗಲು ಬೆಳಕಿನ ಪರೀಕ್ಷೆ

ಎರಡು ತಿಂಗಳು ಮಸಾಲೆ ಮುಟ್ಟಲಿಲ್ಲ. (ಮೊದಲ ವಾರ ಯಾರ ಮೇಲೆ ಬೇಕಾದರೂ ರೇಗುತ್ತಿದ್ದೆ, ನಿಜಕ್ಕೂ ಸಿಡುಕನಾಗಿದ್ದೆ!) ಒಸಡಿನ ರಕ್ತ ನಿಂತ ಮೇಲೆ ಚನ್ನರಾಯಪಟ್ಟಣದ ಒಬ್ಬ ಡಾಕ್ಟ್ರಮ್ಮನ ಹತ್ತಿರ ಹೋದೆ. ಅವರ ಎಂಡಿಎಸ್ ಇದೇ ಕೆಲಸದ ವಿಭಾಗದಲ್ಲಿ. ತಾವು ಮಾಡಿದ ಹಲ್ಲುಗಳ ಫೋಟೋ ತೋರಿಸಿದರು. ಹಾಕಿದ ದಿನದ್ದಷ್ಟೇ ಅಲ್ಲ, ಮೂರು ವರ್ಷದ ನಂತರದ್ದು ಕೂಡ. ಒಂದು ಚಿಪ್ಪು ಒಡೆದು ಮತ್ತೆ ಮಾಡಿಕೊಟ್ಟದ್ದನ್ನೂ ಮುಚ್ಚಿಡಲಿಲ್ಲ.

ಮೇಲಿನ ಮುಂದಿನ ಆರು ಹಲ್ಲಿಗೆ ಆಮ್ಲ ಬೆರೆತ ನುಣ್ಣನೆ ಪುಡಿ ಹಾಕಿ ಮೇಲ್ಪದರವನ್ನು ತೀರಾ ತೆಳ್ಳಗೆ ಉಜ್ಜಿದರು. ನಾಲ್ಕು ಹಲ್ಲಿನ ಕಲೆ ಎಷ್ಟೋ ತಿಳಿಯಾಯಿತು! ಗುಳಿ ಬಿದ್ದಿದ್ದ ನಡುವಿನ ಎರಡು ಮಾತ್ರ ಉಳಿದವು. ಅವೆರಡಕ್ಕೆ ವೆನೀರ್ ಅಂದರು. ಆದರೆ ತೇಯುವ ಮುಂಚೆ ತಾತ್ಕಾಲಿಕ ವಸ್ತುವಿನಲ್ಲಿ ಹಲ್ಲಿನ ಮೇಲೇ ಆಕಾರ ಮಾಡಿ, “ಹೋಗಿ ಬಸ್ ಸ್ಟ್ಯಾಂಡ್ ತನಕ ಒಂದು ರೌಂಡ್ ಹಾಕ್ಕೊಂಡು ಬನ್ನಿ. ಬಿಸಿಲಲ್ಲಿ ಕನ್ನಡಿ ನೋಡ್ಕೊಳ್ಳಿ. ಇಷ್ಟ ಆಗದಿದ್ರೆ ತೆಗೆದುಬಿಡ್ತೀನಿ” ಅಂದರು.

ಶೂಟಿಂಗ್‌ಗೆ ಮೊದಲು ಮೇಕಪ್ ಟೆಸ್ಟ್ ಮಾಡ್ತಾರಲ್ಲ, ಥೇಟ್ ಹಾಗೇ! ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಗಾಜಿನಲ್ಲಿ ನೋಡಿಕೊಂಡೆ. ತೀರಾ ಬೆಳ್ಳಗಿದ್ದವು, ಸ್ನಾನದ ಮನೆ ಟೈಲ್ಸ್ ಹಾಗೆ. ವಾಪಸು ಹೋಗಿ ಒಂದು ಪಟ್ಟು ಮಾಸಲು ಬಣ್ಣ ಕೇಳಿದೆ. “ಈಗ ಸರಿಯಾಗಿ ನೋಡಿದ್ರಿ” ಅಂತ ನಕ್ಕರು. ಒಮ್ಮೆ ಅಂಟಿಸಿದ ಪಿಂಗಾಣಿಯ ಬಣ್ಣವನ್ನು ಆಮೇಲೆ ಬದಲಿಸಲಾಗದು, ಅದಕ್ಕೇ ಈ ಪರೀಕ್ಷೆ.

ನೀವು ಹೋಗುವ ಮುನ್ನ...

ನಾಲ್ಕು ಊರು ಸುತ್ತಿ ನಾನು ಕಲಿತದ್ದನ್ನು ನಿಮಗೆ ಪುಕ್ಕಟೆ ಕೊಡುತ್ತೇನೆ:

1. ಗೋಡೆಯ ಮೇಲೆ ಚೆಲುವೆಯರ ಫೋಟೋ ನೋಡುವ ಮೊದಲು ಪ್ರಮಾಣಪತ್ರ ನೋಡಿ. ಬಿಡಿಎಸ್ ಕಡ್ಡಾಯ, ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೃತಕ ಹಲ್ಲಿನ ವಿಭಾಗ ಅಥವಾ ಹಲ್ಲು ಉಳಿಸುವ ವಿಭಾಗದಲ್ಲಿ ಎಂಡಿಎಸ್ ಮಾಡಿದ್ದರೆ ಇನ್ನೂ ಒಳ್ಳೆಯದು. “ಕಾಸ್ಮೆಟಿಕ್” ಅಂತ ಬೋರ್ಡ್ ಇರಬಹುದು, ಆದರೆ ನಮ್ಮಲ್ಲಿ ಆ ಹೆಸರಿನ ಎಂಡಿಎಸ್ ವಿಭಾಗ ಇಲ್ಲ. ಬ್ಯೂಟಿ ಪಾರ್ಲರಿನಲ್ಲಿ ಅಂಟಿಸ್ತೀವಿ ಅಂದರೆ ಓಡಿಬನ್ನಿ!

2. ಖಾಸಗಿ ಕ್ಲಿನಿಕ್ಕುಗಳು ಕರ್ನಾಟಕದ 2007ರ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ದರ ತಿಳಿಸಬೇಕು. ಸಂಕೋಚ ಬೇಡ, ಕೇಳಿ.

3. “ವೆನೀರೋ, ಕ್ಯಾಪೋ? ಎಷ್ಟು ತೇಯ್ತೀರಿ? ತೇಯದೆ ಬೇರೆ ದಾರಿ ಇದೆಯಾ?” ಈ ಮೂರು ಪ್ರಶ್ನೆಗೆ ಉತ್ತರ ಸಿಗದೆ ಬಾಯಿ ತೆರೆಯಬೇಡಿ.

4. ಒಸಡು ನೋಡದೆ, ಎಕ್ಸ್‌ರೇ ಇಲ್ಲದೆ, ಮೊದಲ ದಿನವೇ ಅಡ್ವಾನ್ಸ್ ಕೇಳಿದರೆ ನಮಸ್ಕಾರ ಹಾಕಿ ಎದ್ದುಬನ್ನಿ. ಇನ್ನೊಬ್ಬ ಡಾಕ್ಟರನ್ನು ಕೇಳಿ.

5. ಒಡೆದರೆ ಯಾರ ಖರ್ಚು? ಎಷ್ಟು ವರ್ಷ? ಬಾಯಿಮಾತು ಬೇಡ, ಬರೆಸಿಕೊಳ್ಳಿ. ಪಿಂಗಾಣಿ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಬಹುದು. ಆದರೂ ಒಂದು ದಿನ ಬದಲಿಸಬೇಕು. ಅಂದರೆ ಈ ಖರ್ಚು ಒಂದು ಸಲಕ್ಕೆ ಮುಗಿಯೋದಲ್ಲ.

6. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಹಾಸನದಲ್ಲೇ ದಂತವೈದ್ಯಕೀಯ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ಅಧ್ಯಾಪಕರ ಕಣ್ಗಾವಲಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತೆ, ಆದರೆ ಮೊದಲ ಸಲಹೆ ಪಡೆಯಲು ತಕ್ಕ ಜಾಗ.

ಉಬ್ಬುಹಲ್ಲಿನ ಚಕ್ರವರ್ತಿ

ಕೊನೆಗೊಂದು ಮಾತು. ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡಂತಿರುವ ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅವರನ್ನು ಮರೆಯೋದುಂಟೇ? 1954ರ “ಬೇಡರ ಕಣ್ಣಪ್ಪ”ದಿಂದ ಹಿಡಿದು 1979ರಲ್ಲಿ ತೀರಿಕೊಳ್ಳುವ ತನಕ ಕನ್ನಡಿಗರನ್ನು ನಗಿಸಿದ ಹಾಸ್ಯ ಚಕ್ರವರ್ತಿ. ಅವರ ಉಬ್ಬುಹಲ್ಲು ಪರದೆಯ ಮೇಲೆ ಕಂಡರೆ ಸಾಕು, ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಯಾರಾದರೂ ಆ ಹಲ್ಲನ್ನು ತೇಯ್ದು ಸಾಲಾಗಿ ನಿಲ್ಲಿಸಿದ್ದರೆ ನಮಗೆ ಆ ನರಸಿಂಹರಾಜು ಸಿಗುತ್ತಿದ್ದರೇ?

ಹಾಗಂತ ಯಾರೂ ಹಲ್ಲು ಸರಿ ಮಾಡಿಸಬೇಡಿ ಅನ್ನುತ್ತಿಲ್ಲ. ನಾನೇ ಎರಡು ಹಾಕಿಸಿಕೊಂಡಿದ್ದೇನಲ್ಲ! ರಾತ್ರಿ ಹಲ್ಲು ಕಡಿಯುವವನಾದ್ದರಿಂದ ಮಲಗುವಾಗ ಒಂದು ಗಾರ್ಡ್ ಹಾಕಿಕೊಳ್ಳುತ್ತೇನೆ. ಎರಡೇ ಹಲ್ಲಾದ್ದರಿಂದ ಅಷ್ಟೂ ಖರ್ಚು ನನ್ನ ಬರವಣಿಗೆಯ ಕಾಸಿನಲ್ಲೇ, ಎರಡು ಕಂತಿನಲ್ಲಿ ತೀರಿತು.

ಸರ? ಅವ್ವನ ಕತ್ತಿಗೆ ನಾನೇ ಹಾಕಿದೆ. ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಅಯ್ಯೋ, ಏನೂ ಮಾಡ್ಸೇ ಇಲ್ವಲ್ಲೋ ಮಗ! ಮೊದಲಿನ ಹಂಗೇ ಅವೆ!”

ನಾನು ಗಟ್ಟಿಯಾಗಿ ನಕ್ಕೆ, ಬಾಯಿಗೆ ಕೈ ಅಡ್ಡ ಇಡದೆ. ಎಷ್ಟು ವರ್ಷವಾಗಿತ್ತೋ!