ಹೀರೋನೇ ಕಾಣದ ಫಿಲ್ಮು!

ಪಕ್ಕಕ್ಕೆ ವಾಲಿ ಮಗುಚುತ್ತಿರುವ ಭಾರೀ ಯುದ್ಧನೌಕೆ... ಅದರ ಮೈಮೇಲೆ ಇರುವೆಗಳ ಹಾಗೆ ಓಡುತ್ತಿರುವ ನಾವಿಕರು... ಆಮೇಲೆ ಬರೀ ನೀರು!

ಯುದ್ಧದ ಸಾಕ್ಷ್ಯಚಿತ್ರಗಳಲ್ಲಿ ಈ ಮೂಕಿ ತುಣುಕನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಸೆಟ್ಟಲ್ಲ, ತೊಟ್ಟೀಲಿ ತೇಲಿಬಿಟ್ಟ ಆಟಿಕೆ ಹಡಗಲ್ಲ, ಡೂಪೂ ಇಲ್ಲ. 1918ರ ಜೂನ್ 10ರಂದು ಏಡ್ರಿಯಾಟಿಕ್ ಸಮುದ್ರದಲ್ಲಿ ನಡೆದ ಅಪ್ಪಟ ನಿಜ. ಮುಳುಗಿದ್ದು ಆಸ್ಟ್ರಿಯಾ-ಹಂಗರಿಯ 'ಸೆಂಟ್ ಇಷ್ಟ್ವಾನ್'. ಮುಳುಗಿಸಿದ ಗಂಡು ಇಟಲಿಯ ನೌಕಾಧಿಕಾರಿ ಲುಯಿಜಿ ರಿಟ್ಸೊ!

ಸಿಸಿಲಿ ದ್ವೀಪದ ಮಿಲಾಟ್ಸೊ ಊರಿನವನು ಈತ. ಆರು ತಿಂಗಳ ಹಿಂದಷ್ಟೇ, 1917ರ ಡಿಸೆಂಬರಿನ ಒಂದು ರಾತ್ರಿ, ಟ್ರಿಯೆಸ್ಟ್ ಬಳಿ ಶತ್ರುಗಳು ಅಡ್ಡ ಕಟ್ಟಿದ್ದ ಉಕ್ಕಿನ ಹಗ್ಗಗಳನ್ನು ಕತ್ತರಿಸಿ, ಒಳನುಗ್ಗಿ 'ವೀನ್' ಎಂಬ ಯುದ್ಧನೌಕೆಯನ್ನು ಮುಳುಗಿಸಿ ಬಂದಿದ್ದ. ಅದು ಟ್ರೈಲರ್ ಅನ್ನಿ!

ಜೂನ್ 10ರ ನಸುಕು, ಮೂರು ಗಂಟೆ ದಾಟಿತ್ತು. ಗಸ್ತು ಮುಗಿಸಿ ಹೊರಟಿದ್ದ ರಿಟ್ಸೊ ಕಣ್ಣಿಗೆ ದೂರದಲ್ಲಿ ಹೊಗೆ ಬಿತ್ತು. ಬೇರಿಂಗ್ ಕಾದು ನಿಧಾನವಾಗಿದ್ದ ಸೆಂಟ್ ಇಷ್ಟ್ವಾನ್ ಮತ್ತೆ ವೇಗ ಹಿಡಿಯಲು ಹೋಗಿ ಹೊಗೆ ಕಾರುತ್ತಿತ್ತು. ಅದರ ತೂಕ 20,000 ಟನ್ನು, ಮೇಲೆ 12 ಇಂಚಿನ 12 ಫಿರಂಗಿ. ರಿಟ್ಸೊನ 'ಮಾಸ್ 15' ದೋಣಿ? ಸುಮಾರು 16 ಟನ್ನು, ಎರಡು ಟಾರ್ಪೆಡೊ. ಉದ್ದ ನೀವು ಹತ್ತಲಿರೋ ಬಸ್ಸಿನ ಒಂದೂವರೆಯಷ್ಟು, ಅಷ್ಟೇ!

ಯಾರಾದ್ರೂ ಓಡಿಹೋಗ್ತಾರೆ ತಾನೇ? ಈ ಪುಣ್ಯಾತ್ಮ ತಿರುಗಿ ಅದರತ್ತಲೇ ಹೊರಟ! ಸದ್ದಿಲ್ಲದೆ, ನಿಧಾನವಾಗಿ, ಕಾವಲು ದೋಣಿಗಳ ನಡುವೆಯೇ ನುಸುಳಿ ಎರಡೂ ಟಾರ್ಪೆಡೊ ಬಿಟ್ಟ. ಎರಡೂ ತಗುಲಿದವು! ಜೊತೆಗಿದ್ದ 'ಮಾಸ್ 21' ಇನ್ನೊಂದು ನೌಕೆ 'ಟೆಗೆಟ್‌ಹೋಫ್'ಗೆ ಇಟ್ಟ ಗುರಿ ಮಾತ್ರ ತಪ್ಪಿತು. ಕಾವಲು ದೋಣಿಯೊಂದು ಅಟ್ಟಿಸಿಕೊಂಡು ಬಂತು. ರಿಟ್ಸೊ ನೀರೊಳಗೆ ಸಿಡಿಯುವ ಬಾಂಬುಗಳನ್ನು ಹಿಂದಕ್ಕೆ ಉದುರಿಸಿದ. ಒಂದು ಸಿಡಿಯಿತು ನೋಡಿ, ಬೆನ್ನು ಹತ್ತಿದವರು ದಾರಿ ಬದಲಿಸಿದರು!

ಇತ್ತ ಹಡಗಿನವರು ಎರಡೂವರೆ ಗಂಟೆ ಜೀವ ಒತ್ತೆಯಿಟ್ಟು ಹೆಣಗಿದರು. ನೀರು ಹೊರಹಾಕಿದರು, ಎಳೆಸಲು ನೋಡಿದರು. ಆಗಲಿಲ್ಲ. ಆರು ಗಂಟೆ ಹೊತ್ತಿಗೆ ಮಗುಚಿತು. ಅದರಲ್ಲಿದ್ದ ಸಾವಿರಕ್ಕೂ ಮಿಕ್ಕಿದ ಜನರಲ್ಲಿ 89 ಮಂದಿ ಸತ್ತರು. ಅವರೂ ನಮ್ಮ ನಿಮ್ಮ ವಯಸ್ಸಿನ ಹುಡುಗರೇ. ಆ ಫಿಲ್ಮಿನಲ್ಲಿ ಕಾಣೋದು ಅವರು.

ಕ್ಯಾಮೆರಾ ಇದ್ದದ್ದು ಟೆಗೆಟ್‌ಹೋಫ್ ಮೇಲೆ, ಅಂದರೆ ಶತ್ರುವಿನ ಹಡಗಿನಲ್ಲಿ! ಹಾಗಾಗಿ ಒಂದೇ ಒಂದು ಫ್ರೇಮಿನಲ್ಲೂ ರಿಟ್ಸೊ ಇಲ್ಲ. ಅಷ್ಟೊತ್ತಿಗೆ ನಮ್ಮ ಹೀರೋ ಪರಾರಿ.

ಆಸ್ಟ್ರಿಯಾದವರು ಅಂದುಕೊಂಡಿದ್ದ ದೊಡ್ಡ ದಾಳಿ ಅಲ್ಲಿಗೇ ರದ್ದಾಯಿತು. ರಿಟ್ಸೊಗೆ ವೀನ್‌ಗೊಂದು, ಇದಕ್ಕೊಂದು, ಎರಡು ಶೌರ್ಯದ ಚಿನ್ನದ ಪದಕ. ಇಟಲಿಯ ನೌಕಾಪಡೆ ತನ್ನ ದಿನಾಚರಣೆ ಮಾಡೋದು ಜೂನ್ 10ರಂದೇ. ಈತ ತೀರಿಕೊಂಡದ್ದು 1951ರಲ್ಲಿ. ಮಾಸ್ 15 ಮಾತ್ರ ರೋಮ್ ನಗರದ ವಿಟ್ಟೋರಿಯೊ ಎಮಾನ್ಯುಯೆಲೆ ಸ್ಮಾರಕದೊಳಗಿನ ಮ್ಯೂಸಿಯಮ್ಮಿನಲ್ಲಿ ಇಂದಿಗೂ ನಿಂತಿದೆ.