ಲಿಂಬೆಯ ಹುಳಿ ಮತ್ತು ಮನೆತನದ ಕಾಯಿಲೆ

ವಿಜಯಪುರ ಜಿಲ್ಲೆಯ ಇಂಡಿ, ಹೊರ್ತಿ ಸೀಮೆಗೆ ಹೆಸರು ತಂದ ಬೆಳೆ ಲಿಂಬೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಈ ಹಣ್ಣಿನ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಷೀಲೆ 1784ರಲ್ಲಿ ಅದನ್ನು ಹಣ್ಣಿನ ರಸದಿಂದ ಬೇರ್ಪಡಿಸಿದ. ಆದರೆ ಈ ಆಮ್ಲ ತೋಟಕ್ಕಷ್ಟೇ ಸೇರಿದ್ದಲ್ಲ. ನಮ್ಮ ಜೀವಕೋಶಗಳಲ್ಲಿಯೂ ಅದು ಕ್ಷಣಕ್ಷಣಕ್ಕೆ ಹುಟ್ಟಿ ಬದಲಾಗುತ್ತಿರುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದ ಹಾನ್ಸ್ ಕ್ರೆಬ್ಸ್ 1937ರಲ್ಲಿ ಇದರ ಗುಟ್ಟು ಬಿಡಿಸಿದರು. ತಿಂದ ರೊಟ್ಟಿ, ಬೇಳೆ, ಎಣ್ಣೆಗಳು ಶಕ್ತಿಯಾಗುವಾಗ ಸಿಟ್ರಿಕ್ ಆಮ್ಲವು ಹಂತಹಂತವಾಗಿ ಸಕ್ಸಿನಿಕ್, ಫ್ಯೂಮರಿಕ್ ಮೊದಲಾದ ಆಮ್ಲಗಳಾಗಿ ಮಾರ್ಪಟ್ಟು, ಗಾಣದ ಎತ್ತಿನಂತೆ ಸುತ್ತಿ ಮೊದಲಿನ ಜಾಗಕ್ಕೆ ಬರುತ್ತದೆ. ಈ 'ಸಿಟ್ರಿಕ್ ಆಮ್ಲ ಚಕ್ರ'ಕ್ಕಾಗಿ ಕ್ರೆಬ್ಸ್ 1953ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಈ ಚಕ್ರಕ್ಕೂ ಅಡ್ರಿನಲ್ ಗ್ರಂಥಿಗೂ ಏನು ಸಂಬಂಧ? ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಈ ಪುಟ್ಟ ಗ್ರಂಥಿಗಳ ಒಳತಿರುಳು ಅಡ್ರಿನಲಿನ್ ಸ್ರವಿಸುತ್ತದೆ. ಅಲ್ಲಿ 'ಫಿಯೋಕ್ರೋಮೋಸೈಟೋಮ' ಎಂಬ ಅಪರೂಪದ ಗಂತಿ ಬೆಳೆದರೆ ಸ್ರಾವ ಮಿತಿಮೀರುತ್ತದೆ. ಆಗ ತಲೆ ಸಿಡಿಯುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಗ್ರಂಥಿಯ ಹೊರಗೆ, ಕುತ್ತಿಗೆ ಮತ್ತು ಹೊಟ್ಟೆಯ ನರಗಂಟುಗಳಲ್ಲಿ ಬೆಳೆಯುವ ಇದೇ ಬಗೆಯ ಗಂತಿಗೆ 'ಪ್ಯಾರಾಗ್ಯಾಂಗ್ಲಿಯೋಮ' ಎಂದು ಹೆಸರು.

ಇವು ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಕಾಣಿಸುವುದೇಕೆ ಎಂಬುದಕ್ಕೆ 2000ದಲ್ಲಿ ಒಂದು ಮುಖ್ಯ ಉತ್ತರ ಸಿಕ್ಕಿತು. ಬೋರಾ ಬೈಸಾಲ್ ಮತ್ತು ಸಂಗಡಿಗರು ಅಂಥ ಕುಟುಂಬಗಳಲ್ಲಿ ದೋಷವಿರುವ ವಂಶವಾಹಿಯೊಂದನ್ನು ಗುರುತಿಸಿದರು. ಅದು ಸಕ್ಸಿನಿಕ್ ಆಮ್ಲವನ್ನು ಫ್ಯೂಮರಿಕ್ ಆಮ್ಲವಾಗಿಸುವ ಕಿಣ್ವಕ್ಕೆ ಸೇರಿದ್ದು. ಕಾಲುವೆಗೆ ಕಸ ಕಟ್ಟಿಕೊಂಡರೆ ಮೇಲ್ಭಾಗದಲ್ಲಿ ನೀರು ನಿಲ್ಲುವಂತೆ, ಕಿಣ್ವ ಕೆಟ್ಟಾಗ ಸಕ್ಸಿನಿಕ್ ಆಮ್ಲ ಶೇಖರವಾಗುತ್ತದೆ. ಆಗ ಜೀವಕೋಶವು ಆಮ್ಲಜನಕವಿದ್ದರೂ ಇಲ್ಲವೆಂದೇ ಭ್ರಮಿಸಿ, ಹೊಸ ರಕ್ತನಾಳ ಬೆಳೆಸುವ, ಹೆಚ್ಚಾಗುವ ಹಾದಿ ಹಿಡಿಯುತ್ತದೆ. ಗಂತಿಯಲ್ಲಿ ಈ ಎರಡು ಆಮ್ಲಗಳ ಪ್ರಮಾಣವನ್ನು ಅಳೆದು, ದೋಷ ಎಲ್ಲಿದೆಯೆಂದು ಊಹಿಸುವ ವಿಧಾನವನ್ನೂ ಸಂಶೋಧಕರು ರೂಪಿಸಿದ್ದಾರೆ.

ಬೈಸಾಲ್ ಗುರುತಿಸಿದ ದೋಷಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ತಂದೆಯಿಂದ ಬಂದರೆ ರೋಗ ತರುತ್ತದೆ, ತಾಯಿಯಿಂದ ಬಂದರೆ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹೀಗಾಗಿ ಕಾಯಿಲೆ ಒಂದು ತಲೆಮಾರು ಮರೆಯಾಗಿ ಮೊಮ್ಮಕ್ಕಳಲ್ಲಿ ಮತ್ತೆ ತಲೆಯೆತ್ತಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ದೋಷವಿರುವುದು ಒಳಗಿನ ಚಕ್ರದಲ್ಲಿ, ಊಟದಲ್ಲಲ್ಲ. ಲಿಂಬೆ ತಿಂದರೆ ಈ ರೋಗ ಬರುವುದಿಲ್ಲ, ಬಿಟ್ಟರೆ ಹೋಗುವುದೂ ಇಲ್ಲ.

ಈ ಗಂತಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ವಂಶವಾಹಿಯ ದೋಷವೇ ಮೂಲ. ಗುರುತಿಸದೆ ಬಿಟ್ಟರೆ ಬೇರಾವುದೋ ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ಹೊತ್ತಿನಲ್ಲಿ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೆ ಎರವಾಗಬಹುದು. ಮೊದಲೇ ತಿಳಿದರೆ ಔಷಧಿಯಿಂದ ಒತ್ತಡವನ್ನು ಹದಕ್ಕೆ ತಂದು ಗಂತಿಯನ್ನು ತೆಗೆಯಲು ಸಾಧ್ಯ. ಆದ್ದರಿಂದ ಚಿಕ್ಕ ವಯಸ್ಸಿನಲ್ಲೇ ಆಗಾಗ ಇಂಥ ಲಕ್ಷಣ ಕಂಡವರು, ರಕ್ತಸಂಬಂಧಿಗಳಿಗೆ ಈ ಕಾಯಿಲೆ ಇದ್ದವರು ಅದನ್ನು ವೈದ್ಯರಿಗೆ ಹೇಳಿ ಪರೀಕ್ಷಿಸಿಕೊಳ್ಳುವುದು ಲೇಸು. ಮನೆತನದ ಆರೋಗ್ಯದ ಕತೆ ಮುಚ್ಚಿಡುವಂಥದ್ದಲ್ಲ.